ಗಂಟಲ ಗ್ರಂಥಿ ಮತ್ತು ದಿನಕ್ಕೊಂದು ಮಾತ್ರೆ



ಇದು ಆರೋಗ್ಯದ ಪಾಠ. ನಮ್ಮ ಗಂಟಲಿನಲ್ಲಿ ಒಂದು ಸಣ್ಣ ಗ್ರಂಥಿ ಇದೆ. ಅದರ ಹೆಸರು ಥೈರಾಯ್ಡ್. ಇದರ ತೊಂದರೆ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಅದಕ್ಕೇ ಈ ಪಾಠ ನಮಗೆ ಬೇಕು.

ನಿಧಾನವಾಗಿ ಓದಿ. ದೊಡ್ಡ ಪದ ಬಂದರೆ ಬಿಡಿಸಿ ಓದಿ. ಒಬ್ಬರು ಓದಿ, ಉಳಿದವರು ಕೇಳಿ. ಆಮೇಲೆ ಎಲ್ಲರೂ ಸೇರಿ ಮಾತಾಡಿ.

ಈ ಗ್ರಂಥಿ ಏನು ಮಾಡುತ್ತದೆ?

ಕತ್ತಿನ ಮುಂಭಾಗಕ್ಕೆ ಕೈ ಇಡಿ. ತಾಳಿ ಸರದ ಕುಣಿಕೆಗಿಂತ ಸ್ವಲ್ಪ ಮೇಲೆ, ಚರ್ಮದ ಒಳಗೆ, ಈ ಗ್ರಂಥಿ ಇದೆ. ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಇದೆ.

ನಾವು ತಿನ್ನುವ ಊಟದಲ್ಲಿ, ಉಪ್ಪಿನಲ್ಲಿ ಅಯೋಡಿನ್ ಎಂಬ ವಸ್ತು ಇರುತ್ತದೆ. ಥೈರಾಯ್ಡ್ ಆ ಅಯೋಡಿನ್ ಹೀರಿಕೊಂಡು ಒಂದು ರಸ ಮಾಡುತ್ತದೆ. ಆ ರಸಕ್ಕೆ ಹಾರ್ಮೋನು ಎನ್ನುತ್ತಾರೆ. ಅದು ರಕ್ತದ ಜೊತೆ ಮೈಯೆಲ್ಲಾ ಹರಿಯುತ್ತದೆ.

ಈ ರಸ ನಮ್ಮ ಮೈಯ ಒಲೆಗೆ ಸೌದೆ ಇದ್ದ ಹಾಗೆ. ಉರಿ ಹದವಾಗಿದ್ದರೆ ಅಡುಗೆ ಚೆನ್ನಾಗಿ ಆಗುತ್ತದೆ. ಉರಿ ಜಾಸ್ತಿಯಾದರೆ ಹಾಲು ಉಕ್ಕುತ್ತದೆ, ಅನ್ನ ಸೀಯುತ್ತದೆ. ಉರಿ ಕಡಿಮೆಯಾದರೆ ಕಾಳು ಬೇಯುವುದೇ ಇಲ್ಲ. ಮೈಯೂ ಹಾಗೆಯೇ.

ಉರಿ ಜಾಸ್ತಿಯಾದಾಗ

ಕೆಲವರಿಗೆ ಥೈರಾಯ್ಡ್ ಬೇಕಾದ್ದಕ್ಕಿಂತ ಹೆಚ್ಚು ರಸ ಮಾಡುತ್ತದೆ. ಆಗ ಎದೆ ಡವಡವ ಹೊಡೆದುಕೊಳ್ಳುತ್ತದೆ. ಕೈ ನಡುಗುತ್ತದೆ. ಸೆಕೆ ತಡೆಯುವುದಿಲ್ಲ, ಬೆವರು ಸುರಿಯುತ್ತದೆ. ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ. ನಿದ್ದೆ ಬರುವುದಿಲ್ಲ. ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಮುಟ್ಟು ಕಡಿಮೆಯಾಗಬಹುದು. ಕೆಲವರಿಗೆ ಕತ್ತು ಊದುತ್ತದೆ, ಕಣ್ಣು ಮುಂದೆ ಬಂದ ಹಾಗೆ ಕಾಣುತ್ತದೆ.

ಇದಕ್ಕೆ ಬಹಳ ಸಲ ಕಾರಣ ಗ್ರೇವ್ಸ್ ಎಂಬ ಕಾಯಿಲೆ. ಐರ್ಲೆಂಡ್ ದೇಶದ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದರ ಬಗ್ಗೆ ಬರೆದರು. ಅವರ ಹೆಸರೇ ಕಾಯಿಲೆಗೆ ಬಂತು. ಇದು ಅಂಟುರೋಗವಲ್ಲ. ಯಾರ ಕಣ್ಣು ತಗುಲಿದ್ದೂ ಅಲ್ಲ, ಮಾಟವೂ ಅಲ್ಲ.

ಇದಕ್ಕೆ ಮೂರು ಬಗೆಯ ಚಿಕಿತ್ಸೆ ಇದೆ. ಒಂದು, ರಸ ತಗ್ಗಿಸುವ ಮಾತ್ರೆ. ಎರಡು, ವಿಕಿರಣ ಅಯೋಡಿನ್. ಮೂರು, ಆಪರೇಷನ್. ಯಾರಿಗೆ ಯಾವುದು ಎಂದು ವೈದ್ಯರು ನೋಡಿ ಹೇಳುತ್ತಾರೆ. ಈ ಪಾಠ ಎರಡನೆಯದರ ಬಗ್ಗೆ.

ವಿಕಿರಣ ಅಯೋಡಿನ್ ಎಂದರೇನು?

ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಎಂದರೆ ಆಸೆ. ಎಲ್ಲಿ ಸಿಕ್ಕರೂ ಎಳೆದುಕೊಳ್ಳುತ್ತದೆ. ವೈದ್ಯರು ಆ ಆಸೆಯನ್ನೇ ಉಪಯೋಗಿಸುತ್ತಾರೆ. ಕಿರಣ ಸೂಸುವ ಅಯೋಡಿನನ್ನು ಒಂದು ಗುಳಿಗೆಯಲ್ಲೋ, ನೀರಿನ ಹಾಗಿರುವ ಔಷಧಿಯಲ್ಲೋ ಕೊಡುತ್ತಾರೆ. ನಾವು ನುಂಗುತ್ತೇವೆ. ಗ್ರಂಥಿ ಅದನ್ನು ಎಳೆದುಕೊಳ್ಳುತ್ತದೆ. ಒಳಗಿನ ಕಿರಣ ಗ್ರಂಥಿಯ ಕಣಗಳನ್ನು ಸುಡುತ್ತದೆ. ನಿಧಾನವಾಗಿ ರಸ ಕಡಿಮೆಯಾಗುತ್ತದೆ. ಕತ್ತಿ ಇಲ್ಲ, ಹೊಲಿಗೆ ಇಲ್ಲ.

ಈ ಚಿಕಿತ್ಸೆ ಹೊಸದಲ್ಲ. ಅಮೆರಿಕದ ಬೋಸ್ಟನ್ ನಗರದಲ್ಲಿ 1941ರಲ್ಲಿ ಡಾಕ್ಟರ್ ಸಾಲ್ ಹರ್ಟ್ಜ್ ಇದನ್ನು ಮೊದಲು ಕೊಟ್ಟರು. ಈಗ ನಮ್ಮ ದೇಶದ ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಕೊಡುತ್ತಾರೆ.

"ವಿಕಿರಣ ಮೈಯಲ್ಲೇ ಉಳಿದುಬಿಡುತ್ತಾ?" ಎಂದು ಹೆದರಿಕೆ ಬೇಡ. ಈ ಅಯೋಡಿನ್ನಿನ ಶಕ್ತಿ 8 ದಿನಕ್ಕೆ ಅರ್ಧ ಆಗುತ್ತದೆ. ಇನ್ನೂ 8 ದಿನಕ್ಕೆ ಅದರ ಅರ್ಧ. ಲೆಕ್ಕ ಹಾಕೋಣ. ಮೊದಲು 16 ಪಾಲು ಇತ್ತು ಎನ್ನಿ. 8 ದಿನಕ್ಕೆ 8 ಪಾಲು. 16 ದಿನಕ್ಕೆ 4 ಪಾಲು. 24 ದಿನಕ್ಕೆ 2 ಪಾಲು. 32 ದಿನಕ್ಕೆ 1 ಪಾಲು. ಮೂತ್ರದಲ್ಲಿ ಹೊರಗೆ ಹೋಗುವುದು ಬೇರೆ.

ಆದರೂ ಮೊದಲ ಕೆಲವು ದಿನ ಎಚ್ಚರ ಬೇಕು. ಬೇರೆ ಮಲಗಬೇಕು. ಎಳೆ ಮಕ್ಕಳನ್ನು ಎತ್ತಿಕೊಳ್ಳಬಾರದು. ಬಸುರಿಯರ ಹತ್ತಿರ ಕೂರಬಾರದು. ಕಕ್ಕಸಿಗೆ ಎರಡು ಸಲ ನೀರು ಹಾಕಬೇಕು. ಕೈ ಚೆನ್ನಾಗಿ ತೊಳೆಯಬೇಕು. ಎಷ್ಟು ದಿನ ಎಂದು ಆಸ್ಪತ್ರೆಯವರೇ ಹೇಳಿ ಕಳಿಸುತ್ತಾರೆ.

ಬಸುರಿಯರಿಗೆ, ಮೊಲೆಹಾಲು ಕುಡಿಸುವ ತಾಯಂದಿರಿಗೆ ಈ ಚಿಕಿತ್ಸೆ ಕೂಡದು. ಮುಟ್ಟು ನಿಂತಿದ್ದರೆ, ಅನುಮಾನವಿದ್ದರೆ, ಮೊದಲೇ ಹೇಳಿಬಿಡಬೇಕು. ನಾಚಿಕೊಳ್ಳಬಾರದು. ಚಿಕಿತ್ಸೆ ಆದ ಮೇಲೂ 6 ತಿಂಗಳು ಬಸಿರಾಗದ ಹಾಗೆ ನೋಡಿಕೊಳ್ಳಬೇಕು.

ಆಮೇಲೆ ಏನಾಗುತ್ತದೆ?

ಇದೇ ಈ ಪಾಠದ ಮುಖ್ಯ ಮಾತು. ಎರಡು ಸಲ ಓದಿ.

ವಿಕಿರಣ ಅಯೋಡಿನ್ ಕುಡಿದ ಮೇಲೆ ಬಹಳ ಜನರಿಗೆ ಥೈರಾಯ್ಡ್ ಕೆಲಸ ತೀರಾ ಕಡಿಮೆಯಾಗುತ್ತದೆ. ಮೊದಲು ರಸ ಜಾಸ್ತಿ ಇತ್ತು. ಈಗ ಸಾಲದು. ಸಾಮಾನ್ಯವಾಗಿ 2ರಿಂದ 6 ತಿಂಗಳೊಳಗೆ ಹೀಗಾಗುತ್ತದೆ. ಕೆಲವರಿಗೆ ವರ್ಷಗಳು ಕಳೆದ ಮೇಲೂ ಆಗಬಹುದು.

ಇದು ಹೊಸ ರೋಗವಲ್ಲ. ವೈದ್ಯರು ತಪ್ಪು ಔಷಧಿ ಕೊಟ್ಟರು ಎಂದಲ್ಲ. ಹೀಗಾಗುತ್ತದೆ ಎಂದು ಅವರಿಗೆ ಮೊದಲೇ ಗೊತ್ತು. ಹತೋಟಿ ತಪ್ಪಿ ಉರಿಯುವ ಒಲೆ ಮನೆಯನ್ನೇ ಸುಡಬಹುದು. ಅದಕ್ಕೇ ಸೌದೆ ಹೊರಗೆ ಎಳೆದರು. ಈಗ ಉರಿ ಸಾಲದಿದ್ದರೆ ದಿನಕ್ಕಿಷ್ಟು ಎಂದು ಅಳೆದು ನಾವೇ ಸೌದೆ ಹಾಕಬಹುದು. ಆ ಸೌದೆಯೇ ದಿನಕ್ಕೊಂದು ಮಾತ್ರೆ.

ತೊಂದರೆ ಬರುವುದು ಎಲ್ಲಿ ಗೊತ್ತೇ? ಎದೆ ಡವಡವ ನಿಂತಿತು, ಕೈ ನಡುಕ ಹೋಯಿತು, ವಾಸಿಯಾಯಿತು ಎಂದು ನಾವು ಆಸ್ಪತ್ರೆಯ ದಾರಿ ಬಿಟ್ಟಾಗ. ಆಗ ಉರಿ ಸದ್ದಿಲ್ಲದೆ ಆರುತ್ತಾ ಹೋಗುತ್ತದೆ.

ಗುರುತು ಹಿಡಿಯೋಣ

ರಸ ಕಡಿಮೆಯಾದರೆ ಹೀಗೆಲ್ಲಾ ಆಗುತ್ತದೆ:

ಬೆಳಗ್ಗೆ ಎದ್ದಾಗಲೇ ಸುಸ್ತು.
ಎಲ್ಲರಿಗೂ ಸೆಕೆ, ನಮಗೆ ಮಾತ್ರ ಚಳಿ.
ಹೆಚ್ಚು ಉಣ್ಣದಿದ್ದರೂ ತೂಕ ಏರುವುದು.
ಮುಖ, ಕಣ್ಣಿನ ರೆಪ್ಪೆ ಊದುವುದು.
ಚರ್ಮ ಒರಟು, ಕೂದಲು ಉದುರುವುದು.
ಮಲಬದ್ಧತೆ.
ದನಿ ಗೊಗ್ಗರಾಗುವುದು.
ಮೈಕೈ ನೋವು, ಕಾಲು ಸೆಳೆತ.
ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು.
ಮರೆವು, ಬೇಸರ, ಅಳು.

ಇದರಲ್ಲಿ ಒಂದೆರಡು ಎಲ್ಲರಿಗೂ ಇರುತ್ತವೆ. ಅಷ್ಟಕ್ಕೇ ಹೆದರಬೇಡಿ. ಆದರೆ ವಿಕಿರಣ ಅಯೋಡಿನ್ ತೆಗೆದುಕೊಂಡವರು ಇವನ್ನು ಕಂಡರೆ ಸುಮ್ಮನಿರಬಾರದು. ರಕ್ತ ಪರೀಕ್ಷೆ ಮಾಡಿಸಲೇಬೇಕು.

ಇಂಥ ಹೆಂಗಸನ್ನು ಮನೆಯವರು ಏನೆನ್ನುತ್ತಾರೆ? "ಸೋಮಾರಿ ಆಗ್ಬಿಟ್ಳು." "ತಿಂದು ತಿಂದು ಊದ್ಕೊಂಡ್ಳು." "ಮೊದಲು ಸಿಡಿಸಿಡಿ ಅಂತಿದ್ಳು, ಈಗ ಮಂಕು." ಅವಳೂ ಅದನ್ನೇ ನಂಬಿ ಒಳಗೊಳಗೇ ಅಳುತ್ತಾಳೆ. ಅವಳು ಸೋಮಾರಿ ಅಲ್ಲ. ಅವಳ ಮೈಯ ಒಲೆಗೆ ಸೌದೆ ಇಲ್ಲ. ಬೈದರೆ ಒಲೆ ಉರಿಯುವುದಿಲ್ಲ. ಈ ಮಾತನ್ನು ನಾವು ಅತ್ತೆಗೂ ಹೇಳೋಣ, ಗಂಡನಿಗೂ ಹೇಳೋಣ.

ಬಹಳ ಕಾಲ ಔಷಧಿಯೇ ಇಲ್ಲದಿದ್ದರೆ ಹೃದಯಕ್ಕೂ ತೊಂದರೆ. ಮೈ ತಣ್ಣಗಾಗಿ, ಮಂಪರು ಕವಿದು, ಕರೆದರೂ ಸರಿಯಾಗಿ ಮಾತಾಡದಿದ್ದರೆ ಒಂದು ಗಳಿಗೆಯೂ ಕಾಯಬಾರದು. ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. 108ಕ್ಕೆ ಫೋನ್ ಮಾಡಿ.

ರಕ್ತ ಪರೀಕ್ಷೆ ಏನು ಹೇಳುತ್ತದೆ?

ಪರೀಕ್ಷೆಯ ಚೀಟಿಯಲ್ಲಿ ಟಿ.ಎಸ್.ಎಚ್. ಎಂದು ಬರೆದಿರುತ್ತದೆ. ಅದೇನು?

ಮೆದುಳಿನ ಬುಡದಲ್ಲಿ ಇನ್ನೊಂದು ಪುಟ್ಟ ಗ್ರಂಥಿ ಇದೆ. ಅದು ಮೇಸ್ತ್ರಿ, ಥೈರಾಯ್ಡ್ ಕೂಲಿ ಎನ್ನಿ. ಕೂಲಿ ಕೆಲಸ ನಿಧಾನವಾದರೆ ಮೇಸ್ತ್ರಿ ಜೋರಾಗಿ ಕೂಗುತ್ತಾನೆ. ಕೆಲಸ ಅತಿಯಾದರೆ ಸುಮ್ಮನಾಗುತ್ತಾನೆ. ಆ ಕೂಗೇ ಟಿ.ಎಸ್.ಎಚ್. ಆದ್ದರಿಂದ ಟಿ.ಎಸ್.ಎಚ್. ಜಾಸ್ತಿ ಎಂದರೆ ಥೈರಾಯ್ಡ್ ರಸ ಕಡಿಮೆ ಎಂದು ಅರ್ಥ. ಇಲ್ಲಿ ತುಂಬಾ ಜನ ತಿರುಗುಮುರುಗಾಗಿ ತಿಳಿಯುತ್ತಾರೆ.

ಇನ್ನೊಂದು ಮಾತು. ಚಿಕಿತ್ಸೆ ಆದ ಮೊದಲ ಕೆಲವು ತಿಂಗಳು ಮೇಸ್ತ್ರಿ ಇನ್ನೂ ಎಚ್ಚರವಾಗಿರುವುದಿಲ್ಲ. ರಸ ಕಡಿಮೆಯಾದರೂ ಕೂಗದೇ ಇರಬಹುದು. ಅದಕ್ಕೇ ಆಗ ಟಿ.ಎಸ್.ಎಚ್. ಒಂದೇ ನೋಡಿದರೆ ಸಾಲದು. ಟಿ4 ಎಂಬ ಪರೀಕ್ಷೆಯೂ ಬೇಕು. ಟಿ4 ಎಂದರೆ ಥೈರಾಯ್ಡ್ ರಸವೇ.

ಮೊದಲ ಪರೀಕ್ಷೆ ಚಿಕಿತ್ಸೆ ಆದ 4ರಿಂದ 6 ವಾರಕ್ಕೆ. ಆಮೇಲೆ ಸುಮಾರು 6 ತಿಂಗಳವರೆಗೆ ಮತ್ತೆ ಮತ್ತೆ. ಎಲ್ಲ ಸರಿ ಇದೆ ಎಂದರೂ ಬದುಕಿರುವವರೆಗೆ ವರ್ಷಕ್ಕೊಮ್ಮೆ ಮಾಡಿಸಬೇಕು. ಯುಗಾದಿಗೋ ದೀಪಾವಳಿಗೋ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ.

ಮಾತ್ರೆ ನುಂಗುವ ಕ್ರಮ

ಮಾತ್ರೆಯ ಹೆಸರು ಲೀವೋಥೈರಾಕ್ಸಿನ್. ಬಿಡಿಸಿ ಓದಿ: ಲೀವೋ - ಥೈರಾಕ್ಸಿನ್. ನಮ್ಮ ಗ್ರಂಥಿ ಮಾಡುತ್ತಿದ್ದ ರಸವೇ ಈ ಮಾತ್ರೆಯಲ್ಲಿದೆ. ಮೈಗೆ ಇದು ಪರಕೀಯವಲ್ಲ.

ಬೆಳಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಬೇಕು. ಕಾಫಿ, ಟೀ, ಹಾಲು, ಅಂಬಲಿ, ತಿಂಡಿ ಎಲ್ಲ ಅರ್ಧದಿಂದ ಒಂದು ಗಂಟೆ ಆದ ಮೇಲೆ. ಮೊದಲೇ ಕಾಫಿ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಸೇರುವುದಿಲ್ಲ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ನಮ್ಮಲ್ಲಿ ಎಷ್ಟೋ ಹೆಂಗಸರು ತಿನ್ನುತ್ತಾರೆ. ಅವನ್ನು ಇದರ ಜೊತೆ ನುಂಗಬಾರದು. ನಡುವೆ 4 ಗಂಟೆ ಬಿಡಬೇಕು. ಇದು ಬೆಳಗ್ಗೆ, ಅದು ಮಧ್ಯಾಹ್ನ ಊಟದ ಮೇಲೆ ಎಂದು ಇಟ್ಟುಕೊಳ್ಳಿ.

ಒಂದು ದಿನ ಬೆಳಗ್ಗೆ ಮರೆತರೆ ಗಾಬರಿ ಬೇಡ. ಅದೇ ದಿನ ನೆನಪಾದಾಗ, ಹೊಟ್ಟೆ ಖಾಲಿ ಇರುವಾಗ ನುಂಗಿ. ಪದೇ ಪದೇ ಮರೆಯಬೇಡಿ.

ಪ್ರಮಾಣ ಬದಲಾಯಿಸಿದರೆ 6ರಿಂದ 8 ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಮಾತ್ರೆ ಶುರು ಮಾಡಿದ ಮಾರನೆಯ ದಿನವೇ ಗುಣ ಕಾಣುವುದಿಲ್ಲ. ಕೆಲವು ವಾರ ಬೇಕು. ತಾಳ್ಮೆ ಇರಲಿ.

ಬಾಟಲಿ ಓದೋಣ

ಬಾಟಲಿಯ ಮೇಲಿನ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ಇರಲಿ. ಅಂಕಿ ನಮಗೆ ಬರುತ್ತದೆ. ಅಂಗಡಿಯವನು ಕೊಟ್ಟ ಕೂಡಲೇ ಎರಡು ಅಂಕಿ ನೋಡಿ.

ಒಂದನೆಯದು ಪ್ರಮಾಣ. 25, 50, 75, 100, 125 ಹೀಗೆ ಇರುತ್ತದೆ. ವೈದ್ಯರ ಚೀಟಿಯಲ್ಲಿ 75 ಇದ್ದರೆ ಬಾಟಲಿಯ ಮೇಲೂ 75 ಇರಬೇಕು. 25 ಕೊಟ್ಟರೆ ಸಾಲದು. 125 ಕೊಟ್ಟರೆ ಜಾಸ್ತಿ. "ಇದು ಬೇರೆ ಕೊಟ್ಟಿದ್ದೀರಿ ಅಣ್ಣಾ, ಚೀಟಿ ನೋಡಿ" ಎಂದು ಧೈರ್ಯವಾಗಿ ಕೇಳಿ. ಕಂಪನಿ ಬದಲಾದರೂ ವೈದ್ಯರಿಗೆ ತಿಳಿಸಿ.

ಎರಡನೆಯದು ತಾರೀಖು. ಯಾವ ತಿಂಗಳು, ಯಾವ ವರ್ಷದವರೆಗೆ ಮಾತ್ರೆ ಒಳ್ಳೆಯದು ಎಂದು ಬರೆದಿರುತ್ತದೆ. ದಾಟಿದ್ದರೆ ವಾಪಸು ಕೊಡಿ.

ಈ ಅಂಕಿ ಮೈಕ್ರೋಗ್ರಾಂ ಲೆಕ್ಕ. ಒಂದು ಗ್ರಾಮಿನಲ್ಲಿ 10 ಲಕ್ಷ ಮೈಕ್ರೋಗ್ರಾಂ ಇವೆ. ದಿನಕ್ಕೆ 100ರಂತೆ ನುಂಗಿದರೆ ಒಂದು ಗ್ರಾಂ ಔಷಧಿ 10,000 ದಿನಕ್ಕೆ ಬರುತ್ತದೆ. ಅಂದರೆ 27 ವರ್ಷ! ಇಷ್ಟು ಚೂರು ಔಷಧಿ ಇಡೀ ಮೈಯನ್ನು ನಡೆಸುತ್ತದೆ. ಅದಕ್ಕೇ ಅಳತೆ ಸರಿ ಇರಬೇಕು.

ಬಾಟಲಿಯನ್ನು ಒಲೆಯ ಹತ್ತಿರ, ಬಿಸಿಲು ಬೀಳುವ ಕಿಟಕಿಯಲ್ಲಿ, ಬಚ್ಚಲಲ್ಲಿ ಇಡಬೇಡಿ. ಮಕ್ಕಳ ಕೈಗೂ ಸಿಗಬಾರದು.

ಬಸುರಿಯಾದರೆ

"ಮಕ್ಕಳಾಗ್ತವಾ?" ಎಂದು ಎಷ್ಟೋ ಜನ ಕೇಳುತ್ತಾರೆ. ಆಗುತ್ತವೆ. ಮದುವೆಗೂ ಇದು ಅಡ್ಡಿಯಲ್ಲ. ಆದರೆ ರಸ ಹದದಲ್ಲಿ ಇರಬೇಕು. ಕಡಿಮೆ ಇದ್ದರೆ ಬಸಿರು ನಿಲ್ಲುವುದು ಕಷ್ಟ, ಗರ್ಭಪಾತದ ಭಯವೂ ಉಂಟು.

ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯಲು ತಾಯಿಯ ಥೈರಾಯ್ಡ್ ರಸವೇ ಬೇಕು. ಆದ್ದರಿಂದ ಮುಟ್ಟು ನಿಂತ ಕೂಡಲೇ ಆಸ್ಪತ್ರೆಗೆ ಹೋಗಿ. ವೈದ್ಯರು ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸುತ್ತಾರೆ. ಸುಮಾರು 4 ವಾರಕ್ಕೊಮ್ಮೆ ರಕ್ತ ನೋಡುತ್ತಾರೆ. "ಬಸುರಿ ಮಾತ್ರೆ ತಿನ್ನಬಾರದು" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಈ ಮಾತ್ರೆ ಬಿಟ್ಟರೇ ಮಗುವಿಗೆ ಕೆಡುಕು. ಮೊಲೆಹಾಲು ಕುಡಿಸುವಾಗಲೂ ನುಂಗಬಹುದು.

"ನನಗೆ ಹಿಂದೆ ಗ್ರೇವ್ಸ್ ಕಾಯಿಲೆ ಇತ್ತು, ವಿಕಿರಣ ಅಯೋಡಿನ್ ಕೊಟ್ಟಿದ್ದರು" ಎಂದು ಹೆರಿಗೆ ವೈದ್ಯರಿಗೆ ಮರೆಯದೆ ಹೇಳಿ. ಎಷ್ಟೇ ವರ್ಷ ಕಳೆದಿರಲಿ, ಹೇಳಬೇಕು. ಆ ಕಾಯಿಲೆಯ ಅಂಶ ತಾಯಿಯ ರಕ್ತದಲ್ಲಿ ಉಳಿದಿದ್ದರೆ ಮಗುವಿನ ಥೈರಾಯ್ಡನ್ನು ಕೆಣಕಬಹುದು. ಮೊದಲೇ ಗೊತ್ತಿದ್ದರೆ ವೈದ್ಯರು ಎಚ್ಚರ ವಹಿಸುತ್ತಾರೆ.

ಕೇಳೋಣ, ತಿಳಿಯೋಣ

"ಅಯೋಡಿನ್ ಉಪ್ಪು ಜಾಸ್ತಿ ತಿಂದ್ರೆ ವಾಸಿ ಆಗಲ್ವಾ?"
ಇಲ್ಲ. ಅಯೋಡಿನ್ ಕಡಿಮೆಯಾಗಿ ಬರುವ ಗಳಗಂಡ ಬೇರೆ. ಅದನ್ನು ತಡೆಯಲು ನಮ್ಮ ಸರ್ಕಾರ 1962ರಲ್ಲೇ ಕಾರ್ಯಕ್ರಮ ಶುರು ಮಾಡಿತು. ಇಲ್ಲಿ ಗ್ರಂಥಿಯೇ ಸೊರಗಿದೆ. ಉಪ್ಪು ಹೆಚ್ಚು ತಿಂದರೆ ರಕ್ತದ ಒತ್ತಡ ಏರುತ್ತದೆ ಅಷ್ಟೇ. ಮನೆಗೆಲ್ಲಾ ತರುವ ಅಯೋಡಿನ್ ಉಪ್ಪನ್ನೇ ಎಂದಿನಷ್ಟು ತಿನ್ನಿ.

"ಎಲೆಕೋಸು ತಿನ್ನಬಾರದಂತೆ, ಹೌದಾ?"
ಬೇಯಿಸಿ ಎಂದಿನಂತೆ ತಿನ್ನಬಹುದು. ಪಥ್ಯದಿಂದ ಈ ಕಾಯಿಲೆ ಹೋಗುವುದಿಲ್ಲ.

"ಉಪವಾಸದ ದಿನ ಏನ್ಮಾಡೋದು?"
ನೀರಿನ ಜೊತೆ ನುಂಗುವ ಮಾತ್ರೆ ಊಟವಲ್ಲ. ಏಕಾದಶಿಯಲ್ಲೂ, ಶಿವರಾತ್ರಿಯಲ್ಲೂ ನುಂಗಿ. ರಂಜಾನ್ ತಿಂಗಳಲ್ಲಿ ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು, ಮಲಗುವ ಮುಂಚೆ ನುಂಗಬಹುದು. ವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ.

"ಮೈ ಹಗುರ ಆಗ್ಲಿ ಅಂತ ಎರಡು ಮಾತ್ರೆ ನುಂಗಲಾ?"
ಬೇಡ. ಪ್ರಮಾಣ ಮೀರಿದರೆ ಎದೆ ಡವಡವ ಮತ್ತೆ ಶುರು. ಮೂಳೆಯೂ ಸವೆಯುತ್ತದೆ. ನಮ್ಮ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಡುವುದೂ ಬೇಡ.

"ಕಣ್ಣು ಉರಿ, ಕಣ್ಣು ಮುಂದೆ ಬಂದಿದೆ. ಅದು?"
ಗ್ರೇವ್ಸ್ ಕಾಯಿಲೆಯಲ್ಲಿ ಕಣ್ಣಿಗೂ ತೊಂದರೆ ಬರುತ್ತದೆ. ವಿಕಿರಣ ಅಯೋಡಿನ್ ಆದ ಮೇಲೆ ಕೆಲವರಿಗೆ ಅದು ಹೆಚ್ಚಬಹುದು. ಬೇಗ ವೈದ್ಯರಿಗೆ ತೋರಿಸಿ. ಬೀಡಿ, ಸಿಗರೇಟು ಹೊಗೆ ಇದಕ್ಕೆ ಬಹಳ ಕೆಟ್ಟದ್ದು. ಮನೆಯ ಗಂಡಸರು ಹೊರಗೆ ಹೋಗಿ ಸೇದುವುದಲ್ಲ, ಬಿಟ್ಟರೇ ಒಳ್ಳೆಯದು.

"ಬದುಕಿರೋವರೆಗೂ ಮಾತ್ರೆನಾ? ದುಡ್ಡು ಎಲ್ಲಿಂದ ತರೋದು?"
ಇದು ದುಬಾರಿ ಔಷಧಿ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಜನೌಷಧಿ ಅಂಗಡಿಯಲ್ಲಿ ಕೇಳಿ. ಆಶಾ ಕಾರ್ಯಕರ್ತೆಯನ್ನೂ ಕೇಳಿ.

ಒಬ್ಬ ಹೆಂಗಸಿನ ಕಥೆ

ಹಿಂದೆ ಈ ಮಾತ್ರೆ ಇರಲಿಲ್ಲ. ಥೈರಾಯ್ಡ್ ಆರಿಹೋದವರು ಊದಿಕೊಂಡು, ಮಂಕಾಗಿ, ಕೊನೆಗೆ ಸಾಯುತ್ತಿದ್ದರು. ಇಂಗ್ಲೆಂಡಿನಲ್ಲಿ 46 ವರ್ಷದ ಒಬ್ಬ ಹೆಂಗಸಿಗೆ ಹೀಗಾಯಿತು. 1891ರಲ್ಲಿ ಡಾಕ್ಟರ್ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯಿಂದ ಸಾರ ತೆಗೆದು ಆಕೆಗೆ ಸೂಜಿಯಲ್ಲಿ ಕೊಟ್ಟರು. ಆಕೆ ಚೇತರಿಸಿಕೊಂಡಳು. ಆಮೇಲೆ ಬಾಯಲ್ಲೇ ಔಷಧಿ ತೆಗೆದುಕೊಳ್ಳುತ್ತಾ ಇನ್ನೂ 28 ವರ್ಷ ಬದುಕಿದಳು. ಔಷಧಿ ಬಿಡಲಿಲ್ಲ, ಬದುಕಿದಳು.

ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರಿಗೆ 1991ರಲ್ಲಿ ಗ್ರೇವ್ಸ್ ಕಾಯಿಲೆ ಬಂತು. ಅವರ ಹೆಂಡತಿ ಬಾರ್ಬರಾ ಅವರಿಗೆ ಎರಡು ವರ್ಷ ಮೊದಲೇ ಬಂದಿತ್ತು. ಇಬ್ಬರಿಗೂ ವಿಕಿರಣ ಅಯೋಡಿನ್ ಕೊಟ್ಟರು. ಆಮೇಲೆ ಅಧ್ಯಕ್ಷರೂ ಥೈರಾಯ್ಡ್ ಮಾತ್ರೆ ನುಂಗಿದರು. ಇಬ್ಬರೂ ತೀರಿಕೊಂಡದ್ದು 2018ರಲ್ಲಿ. ಆಗ ಬಾರ್ಬರಾಗೆ 92 ವರ್ಷ, ಜಾರ್ಜ್ ಅವರಿಗೆ 94. ದೊಡ್ಡವರ ಮನೆಗೂ ಇದೇ ಕಾಯಿಲೆ, ಅವರಿಗೂ ಇದೇ ಮಾತ್ರೆ.

ನೆನಪಿಡೋಣ

ವಿಕಿರಣ ಅಯೋಡಿನ್ ಆದ ಮೇಲೆ ಥೈರಾಯ್ಡ್ ರಸ ಕಡಿಮೆಯಾಗುವುದು ಸಹಜ.
ಸುಸ್ತು, ಚಳಿ, ಊತ ಕಂಡರೆ ರಕ್ತ ಪರೀಕ್ಷೆ.
ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ.
ಚೆನ್ನಾಗಿದ್ದೇವೆ ಎಂದು ಮಾತ್ರೆ ಬಿಡಬಾರದು. ಮಾತ್ರೆ ನುಂಗುವುದರಿಂದಲೇ ಚೆನ್ನಾಗಿದ್ದೇವೆ.

ಅಭ್ಯಾಸ

1. ಬಿಟ್ಟ ಜಾಗ ತುಂಬಿ.
ಥೈರಾಯ್ಡ್ ಗ್ರಂಥಿ ______ ಮುಂಭಾಗದಲ್ಲಿದೆ.
ಕಬ್ಬಿಣದ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಡುವೆ ______ ಗಂಟೆ ಬಿಡಬೇಕು.
ಟಿ.ಎಸ್.ಎಚ್. ಜಾಸ್ತಿ ಎಂದರೆ ಥೈರಾಯ್ಡ್ ರಸ ______.

2. ಸರಿಯೋ ತಪ್ಪೋ ಹೇಳಿ.
ಬಸುರಿಯಾದರೆ ಥೈರಾಯ್ಡ್ ಮಾತ್ರೆ ನಿಲ್ಲಿಸಬೇಕು.
ಉಪ್ಪು ಹೆಚ್ಚು ತಿಂದರೆ ಸೊರಗಿದ ಗ್ರಂಥಿ ಸರಿಯಾಗುತ್ತದೆ.
ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು.

3. ಲೆಕ್ಕ ಮಾಡಿ.
ಬಾಟಲಿಯಲ್ಲಿ 100 ಮಾತ್ರೆ ಇವೆ. ಇಂದಿನಿಂದ ದಿನಕ್ಕೊಂದು ನುಂಗಿದರೆ ಎಷ್ಟು ದಿನಕ್ಕೆ ಬರುತ್ತದೆ? ಮುಗಿಯುವ 10 ದಿನ ಮೊದಲೇ ಹೊಸದು ತರಬೇಕಾದರೆ ಎಷ್ಟನೆಯ ದಿನ ಅಂಗಡಿಗೆ ಹೋಗಬೇಕು?

4. ಮಾತಾಡಿ.
ನಿಮ್ಮ ಊರಿನಲ್ಲಿ ಯಾರನ್ನಾದರೂ "ಸೋಮಾರಿ" ಎಂದು ಬೈಯುತ್ತಿದ್ದಾರೆಯೇ? ಅವಳಿಗೆ ಕಾಯಿಲೆ ಇರಬಹುದೇ? ಅವಳ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತೀರಿ?

5. ಬರೆಯಿರಿ.
ಈ ಚಿಕಿತ್ಸೆ ಆದವರು ಒಂದು ಗಟ್ಟಿ ಕಾಗದದಲ್ಲಿ ತಮ್ಮ ಕೈಯಾರೆ ಬರೆದು ಚೀಲದಲ್ಲಿ ಇಟ್ಟುಕೊಳ್ಳಿ. ಯಾವ ಆಸ್ಪತ್ರೆಗೆ ಹೋದರೂ ತೋರಿಸಿ.

ನನ್ನ ಹೆಸರು: ____________
ನನಗೆ ವಿಕಿರಣ ಅಯೋಡಿನ್ ಕೊಟ್ಟ ತಿಂಗಳು, ವರ್ಷ: ____________
ನಾನು ನುಂಗುವ ಮಾತ್ರೆಯ ಅಂಕಿ: ____________
ಹಿಂದಿನ ರಕ್ತ ಪರೀಕ್ಷೆಯ ತಾರೀಖು: ____________
ಮುಂದಿನ ರಕ್ತ ಪರೀಕ್ಷೆಯ ತಾರೀಖು: ____________
ನನ್ನ ಸಹಿ: ____________